ನೆರಳಿನ ಲೆಕ್ಕ: ಕರ್ನಾಟಕದ ಆಧುನಿಕ ಕಟ್ಟಡಗಳ ಎಂಟು ದಶಕ

ಬೆಂಗಳೂರು ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್ 2022ರ ನವೆಂಬರಿನಲ್ಲಿ ಉದ್ಘಾಟನೆಯಾಯಿತು. ಅಂದಿನಿಂದ ಒಂದು ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತಿದೆ: ಕರ್ನಾಟಕಕ್ಕೆ ಈಗ ತನ್ನದೇ ಆದ ಆಧುನಿಕ ವಾಸ್ತುಶಿಲ್ಪ ಬಂತು, ಪ್ರಕೃತಿಯನ್ನು ಒಳಗೆ ಕರೆದುಕೊಂಡ ಮೊದಲ ದೊಡ್ಡ ಕಟ್ಟಡ ಇದು. ಬಿದಿರು ಹೊದಿಸಿದ ಚಾವಣಿ, ಮೇಲಿನಿಂದ ಇಳಿಬಿಟ್ಟ ಗಿಡಗಳು, ಮರುವರ್ಷ ಒಳಾಂಗಣಕ್ಕೆಂದೇ ಸಿಕ್ಕ ಪ್ರಿ ವರ್ಸಾಯ್ ವಿಶೇಷ ಪ್ರಶಸ್ತಿ, ಎಲ್ಲವೂ ನಿಜ. ಕಟ್ಟಡದ ಮೇಲೆ ನನಗೆ ತಕರಾರಿಲ್ಲ. (ವಿನ್ಯಾಸ ಮಾಡಿದ್ದು ಅಮೆರಿಕದ ಎಸ್‌ಒಎಂ ಸಂಸ್ಥೆ ಎಂಬುದು ಮಾತ್ರ ಈ ಹೊಗಳಿಕೆಯ ನಡುವೆ ಎಲ್ಲೋ ಕಳೆದುಹೋಗುತ್ತದೆ.) ತಕರಾರಿರುವುದು ‘ಈಗ ಬಂತು’ ಅನ್ನುವುದಕ್ಕೆ. ಗಾಳಿ, ನೆರಳು, ಸ್ಥಳೀಯ ಕಲ್ಲುಮಣ್ಣು ಇವನ್ನಿಟ್ಟುಕೊಂಡು ಹೊಸ ಕಾಲದ ಕಟ್ಟಡ ಕಟ್ಟುವ ಕೆಲಸ ಇಲ್ಲಿ ಶುರುವಾಗಿ ಎಂಬತ್ತು ವರ್ಷ ದಾಟಿದೆ.

ಶುರು ಮಾಡಿದವರು ಒಬ್ಬ ನಿರಾಶ್ರಿತರು. ಬರ್ಲಿನ್‌ನಿಂದ ನಾಜಿಗಳ ಕಾರಣಕ್ಕೆ ಹೊರಬಿದ್ದ ಓಟೊ ಕೊನಿಗ್ಸ್‌ಬರ್ಗರ್, ಈಜಿಪ್ಟಿನಲ್ಲಿ ಕೆಲವು ವರ್ಷ ಕಳೆದು 1939ರಲ್ಲಿ ಮೈಸೂರು ಸಂಸ್ಥಾನದ ಸರ್ಕಾರಿ ವಾಸ್ತುಶಿಲ್ಪಿಯಾಗಿ ಬಂದರು. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಗುಮ್ಮಟ, ಕಮಾನುಗಳ ಮೇಲೆ ದಿವಾನರಿಗೆ ಒಲವು; ಬಂದವರಿಗೆ ಬಿಸಿಲಿನ ಕೋನ, ಅಡ್ಡಗಾಳಿಗಳ ಲೆಕ್ಕ. ಭಾರತೀಯ ವಿಜ್ಞಾನ ಸಂಸ್ಥೆಯ ಏರೋನಾಟಿಕಲ್ ವಿಭಾಗ, ಊಟದ ಹಾಲ್ ಮತ್ತು ಸಭಾಂಗಣಗಳಲ್ಲಿ ಆ ಲೆಕ್ಕ ಕಾಣುತ್ತದೆ. 1948ರಲ್ಲಿ ಅವರು ಕೇಂದ್ರ ಸರ್ಕಾರದ ವಸತಿ ನಿರ್ದೇಶಕರಾಗಿ ದೆಹಲಿಗೆ ಹೋದರು, ಮುಂದೆ ಲಂಡನ್ನಿಗೆ. ಉಷ್ಣವಲಯದ ಮನೆಗಳನ್ನು ಕುರಿತು ಅವರು ಸಹಲೇಖಕರೊಂದಿಗೆ ಬರೆದ ಕೈಪಿಡಿ 1974ರಲ್ಲಿ ಬಂತು. ನಮ್ಮ ತಲೆಮಾರು ಪರೀಕ್ಷೆಗೆ ಓದಿದ್ದು ಅದನ್ನೇ.

ಆಮೇಲಿನ ಅಧ್ಯಾಯ ವಿಧಾನಸೌಧದ್ದು. 1951ರಲ್ಲಿ ನೆಹರೂ ಅಡಿಗಲ್ಲು ಇಟ್ಟರು, 1956ರಲ್ಲಿ ಮುಗಿಯಿತು. ಕೆಂಗಲ್ ಹನುಮಂತಯ್ಯನವರ ಹಟ, ಬಿ.ಆರ್. ಮಾಣಿಕಂ ಅವರ ವಿನ್ಯಾಸ. ಆಧುನಿಕರೆನಿಸಿಕೊಂಡವರು ಇದನ್ನು ಹಿಂದಕ್ಕೆ ಹೋದ ಹೆಜ್ಜೆಯೆಂದು ಮೂಗು ಮುರಿದರು. ಆದರೆ ಗ್ರಾನೈಟಿನ ಕುಸುರಿಯಲ್ಲಿ ಅಲ್ಲಿ ಪಳಗಿದ ಕೈಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ನಿಜವಾದ ಅನಾಹುತ ಆದದ್ದು ನಕಲುಗಳಿಂದ: ಪಕ್ಕದ ವಿಕಾಸಸೌಧ, ಬೆಳಗಾವಿಯ ಸುವರ್ಣ ವಿಧಾನಸೌಧ, ಮತ್ತೆ ತಾಲ್ಲೂಕಿಗೊಂದರಂತೆ ಎದ್ದ ಮಿನಿ ವಿಧಾನಸೌಧಗಳು. ಅವುಗಳ ಮಾತಿಗೆ ಕೊನೆಯಲ್ಲಿ ಬರುತ್ತೇನೆ. ಅರವತ್ತು, ಎಪ್ಪತ್ತರ ದಶಕಗಳ ಸರ್ಕಾರಿ ಕಾಂಕ್ರೀಟು ಪೆಟ್ಟಿಗೆಗಳ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಪಿಟೀಲಿನ ಆಕಾರದ ಚೌಡಯ್ಯ ಸ್ಮಾರಕ ಭವನ (1980) ಎಲ್ಲರಿಗೂ ಪ್ರಿಯ. ಕಟ್ಟಡ ಹಾಗೆ ಹುಟ್ಟಬಾರದು ಎಂದು ವಿದ್ಯಾರ್ಥಿಗಳಿಗೆ ಹೇಳಲು ನನಗೂ ಅದು ಪ್ರಿಯ.

ಎಪ್ಪತ್ತರ ದಶಕದಲ್ಲಿ ಎರಡು ಬೇರೆ ಬೇರೆ ಕಡೆ ಎರಡು ಕೆಲಸ ಶುರುವಾದವು. ನಮ್ಮ ಪೀಳಿಗೆಯನ್ನು ರೂಪಿಸಿದ್ದು ಅವೆರಡೇ.

ಮೊದಲನೆಯದು ಬನ್ನೇರುಘಟ್ಟ ರಸ್ತೆಯ ಐಐಎಂ. ವಾಸ್ತುಶಿಲ್ಪಿ ಬಿ.ವಿ. ದೋಶಿ 1977ರ ಸುಮಾರಿಗೆ ನಕ್ಷೆ ಕೈಗೆತ್ತಿಕೊಂಡರು. ಎಂಬತ್ತರ ದಶಕದಲ್ಲಿ ಕಟ್ಟಡ ಮೈದುಂಬಿತು. ‘ತ್ರೀ ಈಡಿಯಟ್ಸ್’ ಸಿನಿಮಾದ ಕಾಲೇಜು ನೋಡಿದವರು ಅದನ್ನು ನೋಡಿದ್ದಾರೆ, ಹೆಸರು ಗೊತ್ತಿಲ್ಲದಿದ್ದರೂ. ದೋಶಿ ಮನಸ್ಸಿನಲ್ಲಿ ಫತೇಪುರ್ ಸಿಕ್ರಿ ಇತ್ತು ಎಂದು ಎಲ್ಲರೂ ಬರೆಯುತ್ತಾರೆ. ಇರಬಹುದು. ಅಲ್ಲಿ ನಡೆದಾಡಿದಾಗ ನನಗೆ ಕಾಣುವುದು ಬೆಂಗಳೂರಿನ ಹವೆ. ಸಮುದ್ರಮಟ್ಟದಿಂದ 900 ಮೀಟರು ಎತ್ತರದ ಈ ಊರಿನಲ್ಲಿ ವರ್ಷದ ಬಹುಪಾಲು ದಿನ ಮನುಷ್ಯನಿಗೆ ಬೇಕಾದದ್ದು ನೆರಳು ಮತ್ತು ಮಳೆಯಿಂದ ಮರೆ, ಅಷ್ಟೆ, ಎಸಿ ಅಲ್ಲ. ದೋಶಿ ತರಗತಿಗಳಿಗಿಂತ ತರಗತಿಗಳ ನಡುವಿನ ಓಣಿಗಳಿಗೆ ಹೆಚ್ಚು ತಲೆ ಕೆಡಿಸಿಕೊಂಡರು. ಮೂರು ಮಹಡಿ ಎತ್ತರದ ಓಣಿ. ಒಂದೆಡೆ ತಲೆಯ ಮೇಲೆ ಬರೀ ಆಕಾಶ, ಇನ್ನೊಂದೆಡೆ ಕಾಂಕ್ರೀಟಿನ ತೊಲೆಗಳ ಚಪ್ಪರ, ಮತ್ತೊಂದೆಡೆ ಬೆಳಕು ಇಳಿಯುವ ಗವಾಕ್ಷಿ. ಬೆಳಗ್ಗೆ ಹತ್ತಕ್ಕೂ ಮಧ್ಯಾಹ್ನ ಮೂರಕ್ಕೂ ಒಂದೇ ಓಣಿ ಬೇರೆಯಾಗಿ ಕಾಣುತ್ತದೆ.

ಇನ್ನು ಗೋಡೆ. ಒರಟು ಮುಖದ ಬೂದು ಗ್ರಾನೈಟು, ಗಾರೆ ಬಳಿದಿಲ್ಲ, ಬಣ್ಣ ಹೊಡೆದಿಲ್ಲ. ಹತ್ತಿರ ನಿಂತು ನೋಡಿದರೆ ಉಳಿ ತಾಗಿದ ಮಚ್ಚೆಗಳು ಎಣಿಸುವಷ್ಟು ಸ್ಪಷ್ಟ. ಹೊರಗಿನ ಕಲ್ಲೇ ಒಳಕ್ಕೂ ಬರುತ್ತದೆ, ಆದ್ದರಿಂದ ಹೊರಗು ಎಲ್ಲಿ ಮುಗಿಯಿತು, ಒಳಗು ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯುವುದು ಕಷ್ಟ. ಒಳಾಂಗಣ ವಿನ್ಯಾಸ ಎಂಬ ಪ್ರತ್ಯೇಕ ಕಸುಬಿಗೆ ಅಲ್ಲಿ ಕೆಲಸವೇ ಇರಲಿಲ್ಲ. ದೋಶಿಯವರಿಗೆ 2018ರಲ್ಲಿ ಪ್ರಿಟ್ಸ್‌ಕರ್ ಪ್ರಶಸ್ತಿ ಬಂದಾಗ ದೆಹಲಿ, ಮುಂಬಯಿಯ ಪತ್ರಿಕೆಗಳು ಅಹಮದಾಬಾದಿನ ಕೆಲಸಗಳ ಬಗ್ಗೆ ಪುಟಗಟ್ಟಲೆ ಬರೆದವು. ಅವರ ಅತ್ಯುತ್ತಮ ಕೆಲಸ ಬೆಂಗಳೂರಿನಲ್ಲಿದೆ ಎಂಬುದು ನನ್ನ ಅಭಿಪ್ರಾಯ. ವಾದಕ್ಕೆ ನಿಲ್ಲುವವರಿದ್ದರೆ ನಾನು ಸಿದ್ಧ.

ಎರಡನೆಯ ಕೆಲಸಕ್ಕೆ ಇಷ್ಟು ಹೆಸರಿಲ್ಲ. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಸಾಯನ ವಿಜ್ಞಾನಿ ಎ.ಕೆ.ಎನ್. ರೆಡ್ಡಿ ‘ಅಸ್ತ್ರ’ ಎಂಬ ಕೇಂದ್ರ ಕಟ್ಟಿದರು, ಹಳ್ಳಿಗೆ ಬೇಕಾದ ತಂತ್ರಜ್ಞಾನಕ್ಕೆಂದು. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ವಿಸ್ತರಣಾ ಕೇಂದ್ರ. ಅಲ್ಲಿ ಹೊಗೆಯಿಲ್ಲದ ಒಲೆ, ಗೋಬರ್ ಗ್ಯಾಸ್ ಜೊತೆಗೆ ಗೋಡೆಯ ಮೇಲೂ ಕೆಲಸ ನಡೆಯಿತು. ಕೆ.ಎಸ್. ಜಗದೀಶ್ ಮತ್ತವರ ಸಹೋದ್ಯೋಗಿಗಳು ಸುಡದ ಮಣ್ಣಿನ ಇಟ್ಟಿಗೆಯನ್ನು ಒಂದು ಶಾಸ್ತ್ರವಾಗಿ ಬೆಳೆಸಿದರು. ಕೆಲಸ ಹೀಗೆ: ಪಾಯ ತೋಡಿದ ಕೆಮ್ಮಣ್ಣನ್ನೇ ಜರಡಿ ಹಿಡಿ, ಜೇಡಿ ಹೆಚ್ಚಿದ್ದರೆ ಮರಳು ಬೆರೆಸು, ನೂರು ಪಾಲಿಗೆ ಏಳೆಂಟು ಪಾಲು ಸಿಮೆಂಟು ಕೂಡಿಸು, ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟಬೇಕು, ಕೈಗೆ ಅಂಟಬಾರದು, ಅಷ್ಟು ಪಸೆ. ‘ಮರ್ದಿನಿ’ ಎಂಬ ಕೈಯಂತ್ರದ ಅಚ್ಚಿಗೆ ತೂಕ ಮಾಡಿ ಸುರಿದು, ಮುಚ್ಚಳ ಹಾಕಿ, ಉದ್ದನೆಯ ಸನ್ನೆಗೋಲನ್ನು ಎಳೆದು ಒತ್ತಿ, ಮುಚ್ಚಳ ತೆಗೆದು ಮತ್ತೆ ಎಳೆದರೆ ಇಟ್ಟಿಗೆ ಮೇಲೆದ್ದು ಬರುತ್ತದೆ. ಒಟ್ಟಿ, ಗೋಣಿತಾಟು ಹೊದಿಸಿ ಮೂರು ನಾಲ್ಕು ವಾರ ನೀರು ಚಿಮುಕಿಸಬೇಕು. ಗೂಡು ಬೇಡ, ಸೌದೆ ಬೇಡ. ಸುಟ್ಟ ಇಟ್ಟಿಗೆಗೆ ಖರ್ಚಾಗುವ ಇಂಧನದಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿತಾಯ.

ಇದು ಬಡವರ ಮನೆಗೆಂದು ಹುಟ್ಟಿದ ಇಟ್ಟಿಗೆ. ವಿಚಿತ್ರವೆಂದರೆ ಹಳ್ಳಿಯವರು ಅದನ್ನು ಒಪ್ಪಲಿಲ್ಲ. ಮಣ್ಣಿನ ಮನೆಯಿಂದ ಹೊರಬರಬೇಕೆಂದು ಹಾತೊರೆಯುತ್ತಿದ್ದವರಿಗೆ ಮತ್ತೆ ಮಣ್ಣೇ? ಅವರ ಮಾತು ತಪ್ಪಲ್ಲ. ಅದನ್ನು ಎತ್ತಿಕೊಂಡವರು ಬೆಂಗಳೂರಿನ ಓದಿದ ಮಧ್ಯಮ ವರ್ಗದವರು. ವಾಸ್ತುಶಿಲ್ಪಿ ಚಿತ್ರಾ ವಿಶ್ವನಾಥ್ ವಿದ್ಯಾರಣ್ಯಪುರದಲ್ಲಿ ತಮ್ಮ ಮನೆಯನ್ನೇ ಮಣ್ಣಿನಲ್ಲಿ ಕಟ್ಟಿ, ನೂರಾರು ಮನೆಗಳಿಗೆ ದಾರಿ ತೋರಿಸಿದರು. ಅವರ ಮನೆಗಳಲ್ಲಿ ಮಳೆನೀರು ಕೊಯ್ಲು ವಿನ್ಯಾಸದ ಒಳಗೇ ಇತ್ತು; ನಗರದಲ್ಲಿ ಅದು ಕಾನೂನಾದದ್ದು 2009ರಲ್ಲಿ. ಹೆಸರಘಟ್ಟದ ನೃತ್ಯಗ್ರಾಮವನ್ನು ಜೆರಾರ್ಡ್ ಡ ಕುನ್ಯಾ ತೊಂಬತ್ತರ ದಶಕದ ಆರಂಭದಲ್ಲಿ ಮಣ್ಣು, ಕಲ್ಲುಗಳಲ್ಲಿ ಕಟ್ಟಿದರು. ಕೇರಳದಲ್ಲಿ ಲಾರಿ ಬೇಕರ್ ಹಾಕಿಕೊಟ್ಟ ದಾರಿಯ ಗುರುತು ಅದರಲ್ಲಿದೆ. ಅದೇ ಡ ಕುನ್ಯಾ ಮುಂದೆ ಬಳ್ಳಾರಿ ಸೀಮೆಯ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಯ ಟೌನ್‌ಶಿಪ್ ಮಾಡಿದರು. ಬೆಂಗಳೂರಿನಾಚೆ ಹೇಳಿಕೊಳ್ಳಬಹುದಾದ ಕೆಲವೇ ಕೆಲಸಗಳಲ್ಲಿ ಅದೊಂದು.

ಇವೆರಡು ದಾರಿಗಳು ಕೂಡಿದ ಕಡೆ ನಮ್ಮ ಕಾಲದ ಒಳ್ಳೆಯ ಕಟ್ಟಡಗಳು ಹುಟ್ಟಿದವು. ಚಾರ್ಲ್ಸ್ ಕೊರಿಯಾ ಅಂಬೇಡ್ಕರ್ ಬೀದಿಯ ಬಳಿ ಕಟ್ಟಿದ ವಿಶ್ವೇಶ್ವರಯ್ಯ ಕೇಂದ್ರದ ಗೋಪುರಗಳಿಗಿಂತ, ತೊಂಬತ್ತರ ದಶಕದಲ್ಲಿ ಜಕ್ಕೂರಿನಲ್ಲಿ ಮಾಡಿದ ಜವಾಹರಲಾಲ್ ನೆಹರೂ ವಿಜ್ಞಾನ ಕೇಂದ್ರ ಎಷ್ಟೋ ಮೇಲು: ಕಲ್ಲಿನ ಗೋಡೆ, ಅಂಗಳ, ಮರಗಳು. ಬೆಂಗಳೂರಿನ ಹಳೆಯ ಸಂಸ್ಥೆ ಚಂದಾವರ್ಕರ್ ಅಂಡ್ ಥ್ಯಾಕರ್‌ನಲ್ಲಿದ್ದ ಸಂಜಯ್ ಮೋಹೆ, ಮಾರತ್‌ಹಳ್ಳಿಯ ಬಳಿ ‘ಕರುಣಾಶ್ರಯ’ ಕಟ್ಟಿದರು. ಗುಣವಾಗದ ಕ್ಯಾನ್ಸರಿನ ರೋಗಿಗಳ ಕೊನೆಯ ದಿನಗಳಿಗಾಗಿ ಇರುವ ಜಾಗ. ಆಸ್ಪತ್ರೆಯ ಉದ್ದುದ್ದ ಕಾರಿಡಾರು, ಟ್ಯೂಬ್‌ಲೈಟು ಇಲ್ಲಿಲ್ಲ. ಕಲ್ಲಿನ ಗೋಡೆಗಳು, ನಡುವೆ ನೀರು, ಮೇಲೆ ಆಕಾಶ. ಐಐಎಂ ಆವರಣದೊಳಗೆ ಉದ್ಯಮಶೀಲತೆಯ ಕೇಂದ್ರವನ್ನೂ ಮೋಹೆ ಮಾಡಿದರು. ದೋಶಿಯ ಪಕ್ಕದಲ್ಲಿ ಕಟ್ಟುವುದೆಂದರೆ ಯಾರಿಗಾದರೂ ನಡುಕ ಬರಬೇಕು. ಅವರು ನಕಲು ಮಾಡದೆ, ಜಗಳಕ್ಕೂ ನಿಲ್ಲದೆ ಕಟ್ಟಿದ್ದಾರೆ. ಶಾರೂಖ್ ಮಿಸ್ತ್ರಿಯವರ ರಂಗಶಂಕರ (2004) ಬಗ್ಗೆ ಕನ್ನಡ ಓದುಗರಿಗೆ ಹೇಳಬೇಕಾದ್ದಿಲ್ಲ. ಆದರೂ ಒಂದು ಮಾತು: ನಾಟಕದ ಮೊದಲು ಜನ ಚಹಾ ಹಿಡಿದು ಮೆಟ್ಟಿಲು, ಕಟ್ಟೆಗಳ ಮೇಲೆ ಕೂರುವ ಆ ಜಾಗ ಇಲ್ಲದಿದ್ದರೆ ರಂಗಶಂಕರ ಬರೀ ಒಂದು ಹಾಲ್ ಆಗಿರುತ್ತಿತ್ತು.

ನಂತರ ಗಾಜು ಬಂತು. 1998ರ ವೈಟ್‌ಫೀಲ್ಡಿನ ಐಟಿ ಪಾರ್ಕಿನಿಂದ ಮುಂದಿನ ಹದಿನೈದು ವರ್ಷ ಬೆಂಗಳೂರು ಸಿಂಗಪುರದಂತೆ ಕಾಣಬೇಕೆಂದು ಹಟ ಹಿಡಿದಿತ್ತು. ಪಡುವಣ ಬಿಸಿಲಿಗೆ ಎದೆಯೊಡ್ಡಿದ ಗಾಜಿನ ಗೋಡೆ, ಅದರ ಕಾವು ಇಳಿಸಲು ಎಸಿ, ಎಸಿಗೆ ಡೀಸೆಲ್ ಜನರೇಟರು, ಹೊರಗೆ ಹಾಡುಹಗಲು, ಒಳಗೆ ಬ್ಲೈಂಡ್ಸ್ ಇಳಿಸಿ ಲೈಟು. ಮೈಸೂರಿನ ಇನ್ಫೋಸಿಸ್ ಆವರಣದಲ್ಲಿ ಹಫೀಜ್ ಕಂಟ್ರಾಕ್ಟರ್ ಗ್ರೀಕರ, ರೋಮನರ ಕಂಬಸಾಲುಗಳನ್ನೇ ತಂದು ನಿಲ್ಲಿಸಿದರು. ಅದನ್ನು ನೋಡಲು ಬಂದವರೆಲ್ಲ ಬಾಯಿ ತೆರೆದು ನಿಲ್ಲುತ್ತಾರೆ. ಏಕೆಂದು ನನಗೆ ಇನ್ನೂ ತಿಳಿದಿಲ್ಲ. ನ್ಯಾಯಕ್ಕಾಗಿ ಇಷ್ಟನ್ನೂ ಹೇಳಬೇಕು: ಅದೇ ಸಂಸ್ಥೆ 2011ರ ವೇಳೆಗೆ ಹೈದರಾಬಾದಿನ ತನ್ನ ಕಟ್ಟಡವೊಂದರ ಅರ್ಧಕ್ಕೆ ಮಾಮೂಲಿ ಎಸಿ, ಇನ್ನರ್ಧಕ್ಕೆ ಚಪ್ಪಡಿಯೊಳಗೆ ತಣ್ಣೀರು ಹರಿಸುವ ವ್ಯವಸ್ಥೆ ಮಾಡಿ, ವಿದ್ಯುತ್ ಖರ್ಚನ್ನು ಅಳೆದು ತೋರಿಸಿತು. ಮಿಕ್ಕವರು ಅಷ್ಟೂ ಮಾಡಲಿಲ್ಲ.

ಗಾಜಿನ ಜೊತೆಗೇ ಒಳಾಂಗಣ ವಿನ್ಯಾಸ ಬೇರೆ ಕಸುಬಾಗಿ ಬೆಳೆಯಿತು. ಹೊರಗಿನ ಪೆಟ್ಟಿಗೆಯನ್ನು ಒಬ್ಬರು ಕಟ್ಟುವುದು, ಒಳಗನ್ನು ಇನ್ನೊಬ್ಬರು ‘ಮಾಡಿಸಿಕೊಡುವುದು’. ಅಪಾರ್ಟ್‌ಮೆಂಟುಗಳಲ್ಲಿ ಕೀಲಿಕೈ ಸಿಕ್ಕ ಮರುದಿನವೇ ಪ್ಲೈವುಡ್, ಲ್ಯಾಮಿನೇಟು, ಪಿಒಪಿ ಫಾಲ್ಸ್ ಸೀಲಿಂಗು ಬರುತ್ತವೆ. ಹತ್ತಡಿ ಎತ್ತರದ ಕೋಣೆ ಒಂಬತ್ತಕ್ಕೆ ಇಳಿಯುತ್ತದೆ, ಫ್ಯಾನಿನ ಗಾಳಿ ಕುಂದುತ್ತದೆ. ರೆಡ್ ಆಕ್ಸೈಡ್ ನೆಲವನ್ನು ತಿಕ್ಕಿ ಕನ್ನಡಿಯಂತೆ ಮಾಡುತ್ತಿದ್ದ ಮೇಸ್ತ್ರಿಗಳು ವಿಟ್ರಿಫೈಡ್ ಟೈಲ್ಸ್ ಬಂದ ಮೇಲೆ ಕೆಲಸ ಕಳೆದುಕೊಂಡರು. ಈಗ ಅದೇ ನೆಲ ಫ್ಯಾಶನ್ನಾಗಿ ಮರಳಿದೆ, ಮಾಡಬಲ್ಲವರನ್ನು ಹುಡುಕಿ ತರಬೇಕು. ಬೇರೆ ಯಾರೋ ಅಲಂಕರಿಸಿದ ಒಳಾಂಗಣಗಳನ್ನು ಮೆಚ್ಚುವ ನಾವು, ಒಳಗನ್ನೂ ಹೊರಗನ್ನೂ ಒಂದೇ ಕೈ ಮಾಡಿದ ಕಟ್ಟಡಗಳನ್ನು ನೋಡುವ ಕಣ್ಣನ್ನೇ ಕಳೆದುಕೊಂಡಿದ್ದೇವೆ.

ನಮ್ಮ ನಂತರದವರಲ್ಲಿ ಆ ಕಣ್ಣು ಕೆಲವರಿಗೆ ಇದೆ. ಹಳೆಯ ಸೆಂಟ್ರಲ್ ಜೈಲನ್ನು ಕೆಡವಿ ಮಟ್ಟಸ ಮಾಡದೆ ಫ್ರೀಡಂ ಪಾರ್ಕ್ ಮಾಡಿದವರು (2008) ನಿಶಾ ಮ್ಯಾಥ್ಯೂ, ಸೌಮಿತ್ರೊ ಘೋಷ್. ಕೋಣೆಗಳನ್ನು, ಕಾವಲು ಗೋಪುರವನ್ನು ಉಳಿಸಿ, ನಡುವೆ ಜನ ಸೇರುವ ಜಾಗ ಬಿಟ್ಟರು. ಆ ಕೆಲಸ ಅವರಿಗೆ ಸಿಕ್ಕಿದ್ದು ಬಹಿರಂಗ ಸ್ಪರ್ಧೆಯ ಮೂಲಕ ಎಂಬುದನ್ನು ಗಮನಿಸಿ. ಕಸ್ತೂರ್ಬಾ ರಸ್ತೆಯ ಮ್ಯಾಪ್ ಕಲಾ ಸಂಗ್ರಹಾಲಯವೂ (2023) ಅವರದೇ. ಹೊರಮೈಗೆ ಹಳೆಯ ಉಕ್ಕಿನ ನೀರಿನ ಟ್ಯಾಂಕುಗಳನ್ನು ನೆನಪಿಸುವ, ಅಡ್ಡಗೆರೆ ಒತ್ತಿದ ಹಾಳೆಗಳು. ನನಗೆ ಅದು ಸ್ವಲ್ಪ ಜಾಣತನ ಹೆಚ್ಚಾದ ಕಟ್ಟಡ. ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್ (ಹಂಡ್ರೆಡ್‌ಹ್ಯಾಂಡ್ಸ್, 2019) ಅಷ್ಟು ಸದ್ದು ಮಾಡುವುದಿಲ್ಲ, ದಾರಿಹೋಕರನ್ನು ಗೇಟಿನಲ್ಲೇ ತಡೆಯುವುದೂ ಇಲ್ಲ.

ಇಷ್ಟೆಲ್ಲ ಬರೆದ ಮೇಲೆ ಈ ಪಟ್ಟಿಯಲ್ಲಿ ಇಲ್ಲದ್ದೇನು ನೋಡೋಣ. ಹೆಚ್ಚುಕಮ್ಮಿ ಎಲ್ಲವೂ ಬೆಂಗಳೂರು ಮತ್ತು ಸುತ್ತಮುತ್ತ. ಐಐಎಂ ಓಣಿಯ ಕಲ್ಲು ಕೂರಿಸಿದವರ, ಉಂಗ್ರದಲ್ಲಿ ಮೊದಲ ಗೋಡೆ ಎತ್ತಿದವರ ಹೆಸರು ಯಾವ ಪುಸ್ತಕದಲ್ಲೂ ನನಗೆ ಸಿಕ್ಕಿಲ್ಲ. ಈ ಕಟ್ಟಡಗಳಿಗೆ ರಕ್ಷಣೆಯೂ ಇಲ್ಲ. ಕೇಂದ್ರದ ಸ್ಮಾರಕ ಕಾನೂನಿನಡಿ ಬರಲು ಕಟ್ಟಡಕ್ಕೆ ನೂರು ವರ್ಷ ತುಂಬಿರಬೇಕು. ರಾಜ್ ರೇವಲ್ ಅವರ ಹಾಲ್ ಆಫ್ ನೇಷನ್ಸ್ ಐವತ್ತೂ ತುಂಬದೆ 2017ರಲ್ಲಿ ದೆಹಲಿಯಲ್ಲಿ ನೆಲಕ್ಕುರುಳಿತು.

ಎಲ್ಲಕ್ಕಿಂತ ದೊಡ್ಡ ತೂತು ಸರ್ಕಾರಿ ಕಟ್ಟಡಗಳದ್ದು. ಸಾಮಾನ್ಯ ಕನ್ನಡಿಗ ಜೀವನದಲ್ಲಿ ಐಐಎಂಗೆ ಹೋಗುವುದಿಲ್ಲ, ತಾಲ್ಲೂಕು ಕಚೇರಿಗೆ ಹತ್ತು ಸಲ ಹೋಗುತ್ತಾನೆ. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಕಲಬುರಗಿ ಸೀಮೆಗೂ, ಮಳೆ ಬಿಡುವು ಕೊಡದ ಮಡಿಕೇರಿಗೂ ಒಂದೇ ಬಗೆಯ ಕಟ್ಟಡ: ಮುಂದೆ ನಾಲ್ಕು ಕಂಬ, ಮೇಲೊಂದು ಗುಮ್ಮಟ, ಪಹಣಿಗೆ ಬಂದವರು ನಿಲ್ಲಲು ನೆರಳಿಲ್ಲ. ಕಡಿಮೆ ಖರ್ಚಿನ ತಂತ್ರಗಳನ್ನು ಜಿಲ್ಲೆಗಳಿಗೆ ಮುಟ್ಟಿಸಲೆಂದೇ ಎಂಬತ್ತರ ದಶಕದ ಕೊನೆಯಿಂದ ನಿರ್ಮಿತಿ ಕೇಂದ್ರಗಳು ಹುಟ್ಟಿದವು. ಅವೂ ಬರಬರುತ್ತ ಮಾಮೂಲಿ ಗುತ್ತಿಗೆ ಕೆಲಸಕ್ಕೆ ಹೊಂದಿಕೊಂಡವು. ಮಿನಿ ವಿಧಾನಸೌಧಗಳಿಗೆ ಈಚೆಗೆ ತಾಲ್ಲೂಕು ಆಡಳಿತ ಸೌಧ ಎಂದು ಹೆಸರು ಬದಲಾಯಿತು. ಕಟ್ಟಡ ಬದಲಾಗಲಿಲ್ಲ.

ಹೊಸದಾಗಿ ಘೋಷಣೆಯಾದ ಹಲವು ತಾಲ್ಲೂಕುಗಳಿಗೆ ಇನ್ನೂ ಸ್ವಂತ ಕಚೇರಿ ಕಟ್ಟಬೇಕಿದೆ. ಲೋಕೋಪಯೋಗಿ ಇಲಾಖೆ ಅವುಗಳಲ್ಲಿ ಒಂದೆರಡಕ್ಕಾದರೂ ಬಹಿರಂಗ ಸ್ಪರ್ಧೆ ಕರೆಯಲಿ. ಆ ಊರಿನ ಕಲ್ಲು ಅಥವಾ ಮಣ್ಣು, ಸರತಿಯಲ್ಲಿ ನಿಲ್ಲುವವರಿಗೆ ನೆರಳು, ಹಗಲು ಲೈಟಿಲ್ಲದೆ ಕಡತ ಓದುವಷ್ಟು ಬೆಳಕು, ಈ ಮೂರನ್ನು ಷರತ್ತಾಗಿ ಹಾಕಿದರೆ ಸಾಕು. ಮಾಡಬಲ್ಲವರು ರಾಜ್ಯದಲ್ಲೇ ಇದ್ದಾರೆ.