ಹಳೆಯ ಮೋಟಾರ್‌ಸೈಕಲ್ ಚರ್ಮದ ಜಾಕೆಟ್: ಕಾಲನಿರ್ಣಯ ಮತ್ತು ಬೆಲೆ

ಮುಂಭಾಗದಲ್ಲಿ ಓರೆಯಾಗಿ ಜಿಪ್ ಕೂರಿಸಿದ ಸವಾರಿ ಜಾಕೆಟ್‌ನ ಪ್ರಸಿದ್ಧ ಮಾದರಿ ‘ಪರ್ಫೆಕ್ಟೊ’. ನ್ಯೂಯಾರ್ಕಿನ ಇರ್ವಿಂಗ್ ಶಾಟ್ 1928ರಲ್ಲಿ ಇದನ್ನು ರೂಪಿಸಿ, ತನಗೆ ಪ್ರಿಯವಾದ ಚುಟ್ಟದ ಹೆಸರನ್ನೇ ಇಟ್ಟ. ಆಗಿನ ಬೆಲೆ ಐದೂವರೆ ಡಾಲರ್. 1953ರ ‘ದಿ ವೈಲ್ಡ್ ಒನ್’ ಚಿತ್ರದಲ್ಲಿ ಮಾರ್ಲನ್ ಬ್ರಾಂಡೊ ತೊಟ್ಟ ಬಳಿಕ ಇದು ಪುಂಡುತನದ ಗುರುತಾಯಿತು.

ಜಾಕೆಟ್‌ನ ವಯಸ್ಸು ತಿಳಿಯಲು ಮೊದಲು ನೋಡಬೇಕಾದುದು ಕತ್ತಿನ ಒಳಗಿನ ಲೇಬಲ್. ತಯಾರಕರು ಅದರ ವಿನ್ಯಾಸವನ್ನು ಆಗಾಗ ಬದಲಿಸುತ್ತಿದ್ದರು. ಅಮೆರಿಕದ ವಿಳಾಸದಲ್ಲಿ ಐದಂಕಿಯ ಪಿನ್ ಸಂಖ್ಯೆ ಇದ್ದರೆ ಅದು 1963ಕ್ಕಿಂತ ಹಳೆಯದಲ್ಲ. ಆ ಪದ್ಧತಿ ಬಂದದ್ದೇ ಆ ವರ್ಷ. ಜಿಪ್‌ನ ಎಳೆತುಂಡಿನ ಮೇಲಿನ ಹೆಸರೂ ಸುಳಿವು ಕೊಡುತ್ತದೆ: ಅಮೆರಿಕದ ಹಳೆಯ ಜಾಕೆಟ್‌ಗಳಲ್ಲಿ ‘ಟ್ಯಾಲನ್’ ಸಾಮಾನ್ಯ. ಆದರೆ ಕೆಟ್ಟ ಜಿಪ್ಪನ್ನು ಬದಲಿಸುವುದು ವಾಡಿಕೆಯಾದ್ದರಿಂದ, ಹೊಲಿಗೆಯ ಹಳೆಯ ತೂತುಗಳನ್ನು ಪರೀಕ್ಷಿಸದೆ ಅದೊಂದನ್ನೇ ನಂಬುವಂತಿಲ್ಲ. ಕುದುರೆ ಚರ್ಮ 1950ರ ದಶಕದವರೆಗೆ ಹೆಚ್ಚು ಬಳಕೆಯಲ್ಲಿತ್ತು. ಮುಂದೆ ದನದ ಚರ್ಮ ಆ ಜಾಗಕ್ಕೆ ಬಂತು.

ವಯಸ್ಸೊಂದರಿಂದಲೇ ಬೆಲೆ ಏರದು. ಮೂಲ ಜಿಪ್, ಬೆಲ್ಟು, ಲೈನಿಂಗ್ ಉಳಿದಿರಬೇಕು, ಚರ್ಮ ಮೆತ್ತಗಿರಬೇಕು. ಸವಕಳಿಯನ್ನು ಸಂಗ್ರಾಹಕರು ಮೆಚ್ಚುತ್ತಾರೆ, ಒಣಗಿ ಬಿರಿದದ್ದನ್ನಲ್ಲ. ಹೊಸ ಬಣ್ಣ ಬಳಿದರೆ ಬೆಲೆ ಇಳಿಯುತ್ತದೆ, ಹಳೆಯ ಮೋಟಾರ್‌ಸೈಕಲ್ ಕ್ಲಬ್ಬಿನ ಅಸಲಿ ಚಿತ್ರ ಬೆನ್ನ ಮೇಲಿದ್ದರೆ ಏರುತ್ತದೆ. ಇಂದಿನವರ ಮೈಗೆ ಹಿಡಿಸದ ಸಣ್ಣ ಅಳತೆಯವು ಅಗ್ಗ.