ದೊಡ್ಡಮ್ಮ ಕೊಟ್ಟ ಇಪ್ಪತ್ತು ಪೌಂಡು

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವವಳು. ಇಂಗ್ಲೆಂಡಿನ ಕೈಗಾರಿಕಾ ಕ್ರಾಂತಿಯನ್ನು ಎಷ್ಟು ವರ್ಷ ಮಕ್ಕಳಿಗೆ ಉರು ಹೊಡೆಸಿದ್ದೇನೋ ಲೆಕ್ಕವಿಲ್ಲ. ಆದರೆ ಆ ದೇಶವನ್ನು ಕಣ್ಣಾರೆ ಕಂಡದ್ದು 2023ರ ಬೇಸಿಗೆ ರಜೆಯಲ್ಲಿ, ಮಗಳು ಅಲ್ಲಿ ಕೆಲಸಕ್ಕೆ ಸೇರಿದ ಮೇಲೆ. ಹೊರಡುವ ಮುನ್ನಾದಿನ, ಸೂಟ್‌ಕೇಸಿನಲ್ಲಿ ಚಟ್ನಿಪುಡಿ, ಹಪ್ಪಳ, ಸಾರಿನಪುಡಿಗಳ ನಡುವೆ ಸೀರೆಗಳಿಗೆ ಜಾಗ ಹುಡುಕುತ್ತಿದ್ದಾಗ ಪಕ್ಕದ ಮನೆಯ ದೊಡ್ಡಮ್ಮ ಬಂದರು. ಎಂಬತ್ತು ದಾಟಿದವರು. ಸೆರಗಿನ ತುದಿಯ ಗಂಟು ಬಿಚ್ಚಿ, ಮಡಿಸಿದ ಒಂದು ನೋಟನ್ನು ನನ್ನ ಕೈಗಿಟ್ಟರು.

"ನಮ್ಮ ಯಜಮಾನರು ಆಫೀಸಿನ ಕೆಲಸದ ಮೇಲೆ ಲಂಡನ್ನಿಗೆ ಹೋಗಿದ್ದರಲ್ಲಮ್ಮ, 2001ರಲ್ಲಿ, ಆಗ ಉಳಿದದ್ದು. 'ಮುಂದಿನ ಸಲ ನಿನ್ನನ್ನೂ ಕರಕೊಂಡು ಹೋಗ್ತೀನಿ, ಅಲ್ಲೀತನಕ ಇದು ನಿನ್ನ ಹತ್ರಾನೇ ಇರಲಿ' ಅಂದಿದ್ದರು. ಇನ್ನೆಲ್ಲಿ ಮುಂದಿನ ಸಲ? ಇದರಲ್ಲಿ ನನಗೊಂದು ಬೆಚ್ಚನೆಯ ಶಾಲು ತಂದುಬಿಡು."

ಅದು ಇಪ್ಪತ್ತು ಪೌಂಡಿನ ನೋಟು. ಒಂದು ಕಡೆ ರಾಣಿ ಎಲಿಜಬೆತ್, ಇನ್ನೊಂದು ಕಡೆ ಎಡ್ವರ್ಡ್ ಎಲ್ಗರ್ ಎಂಬ ಸಂಗೀತಗಾರ. ರೇಷ್ಮೆ ಸೀರೆಗಳ ಮಡಿಕೆಯಲ್ಲಿ ಇಪ್ಪತ್ತೆರಡು ವರ್ಷ ಕುಳಿತು ನುಸಿಗುಳಿಗೆಯ ವಾಸನೆ ಹಿಡಿದಿತ್ತು.

ಲಂಡನ್ನಿನಲ್ಲಿ ಒಂದು ಉಣ್ಣೆಬಟ್ಟೆಯ ಅಂಗಡಿಗೆ ಹೋಗಿ, ಬೂದು ಬಣ್ಣದ ಶಾಲೊಂದನ್ನು ಆರಿಸಿ, ಬಹಳ ಗತ್ತಿನಿಂದ ಆ ನೋಟನ್ನು ಮುಂದಿಟ್ಟೆ. ಅಂಗಡಿಯ ಹೆಂಗಸು ನಕ್ಕು, ಈ ನೋಟು ನಿಂತು ಬಹಳ ಕಾಲವಾಯಿತು ಎಂದಳು. ನಿಜವೇ. ಎಲ್ಗರ್ ನೋಟು 1999ರಲ್ಲಿ ಬಂದು 2010ರ ಜೂನ್ ಕೊನೆಗೆ ಚಲಾವಣೆ ಮುಗಿಸಿತ್ತು. ಆಮೇಲೆ ಬಂದ ಕಾಗದದ ನೋಟುಗಳೂ ಒಂದೊಂದಾಗಿ ಹೋಗಿ, 2022ರ ಸೆಪ್ಟೆಂಬರ್ 30ರ ನಂತರ ಬ್ಯಾಂಕ್ ಆಫ್ ಇಂಗ್ಲೆಂಡಿನ ಕಾಗದದ ನೋಟು ಒಂದೂ ಅಂಗಡಿಯಲ್ಲಿ ನಡೆಯುವುದಿಲ್ಲ. "ಹೆದರಬೇಡಮ್ಮ, ಹಳೆಯ ನೋಟನ್ನು ಬ್ಯಾಂಕ್ ಆಫ್ ಇಂಗ್ಲೆಂಡಿನವರು ಎಷ್ಟು ವರ್ಷವಾದರೂ ಬದಲಾಯಿಸಿಕೊಡುತ್ತಾರೆ" ಎಂದು ಮಗಳು ಧೈರ್ಯ ಹೇಳಿದಳು. ಶಾಲಿಗೆ ಅವಳೇ ದುಡ್ಡು ಕೊಟ್ಟಳು.

ಆ ರಾತ್ರಿ ಊಟವಾದ ಮೇಲೆ ಅವಳು ನೋಟನ್ನು ದೀಪಕ್ಕೆ ಹಿಡಿದು ನೋಡಿದಳು. ಮುಖ ಸಪ್ಪಗಾಯಿತು. "ಅಮ್ಮ, ಇದರಲ್ಲಿ ರಾಣಿಯ ನೀರುಗುರುತೇ ಇಲ್ಲ." ನಾನೂ ಕನ್ನಡಕ ಹಾಕಿಕೊಂಡು ನೋಡಿದೆ. ಬೆಳಕಿಗೆ ಹಿಡಿದಾಗ ಮಾತ್ರ ಕಾಗದದ ಒಳಗಿನಿಂದ ಮೂಡಬೇಕಾದ ಮುಖವನ್ನು ಇದರಲ್ಲಿ ಮೇಲೆಯೇ ಬೂದು ಶಾಯಿಯಲ್ಲಿ ಅಚ್ಚು ಹಾಕಿದ್ದರು. ಕಾಗದದೊಳಗೆ ಓಡಬೇಕಾದ ಲೋಹದ ಎಳೆಯೂ ಬರೀ ಗೀಟು. "ಬ್ಯಾಂಕ್ ಆಫ್ ಇಂಗ್ಲೆಂಡ್" ಎಂಬ ಅಕ್ಷರಗಳು ಬೆರಳಿಗೆ ತಡೆಯಬೇಕಿತ್ತು, ಸ್ಲೇಟಿನಂತೆ ನುಣ್ಣಗಿದ್ದವು. ಎಲ್ಲಿಯೋ ಚಿಲ್ಲರೆ ಕೊಡುವಾಗ ಯಾರೋ ದೊಡ್ಡಮ್ಮನ ಯಜಮಾನರ ಕೈಗೆ ಖೋಟಾ ನೋಟನ್ನು ದಾಟಿಸಿದ್ದರು. ಪಾಪ, ಅವರು ಅದನ್ನೇ ಜೋಪಾನವಾಗಿ ತಂದು ಹೆಂಡತಿಯ ಕೈಗೆ ಕೊಟ್ಟಿದ್ದರು.

ಸುಮ್ಮನೆ ವಾಪಸು ಒಯ್ದು ಕೊಟ್ಟುಬಿಡೋಣ ಎಂದೆ. ಮಗಳು ಒಪ್ಪಲಿಲ್ಲ. ಖೋಟಾ ಎಂದು ತಿಳಿದ ಮೇಲೆ ಅದನ್ನು ಇನ್ನೊಬ್ಬರಿಗೆ ದಾಟಿಸುವುದಂತೂ ಸರಿಯೇ, ಕಾರಣವಿಲ್ಲದೆ ಇಟ್ಟುಕೊಳ್ಳುವುದೂ ಅಲ್ಲಿ ಅಪರಾಧ. ಮಾರನೆಯ ದಿನ ಹತ್ತಿರದ ಬ್ಯಾಂಕೊಂದಕ್ಕೆ ಒಪ್ಪಿಸಿ ಬಂದೆವು. ಬದಲಿಗೆ ಏನೂ ಸಿಗುವುದಿಲ್ಲ. ನಮ್ಮಲ್ಲೂ ಹಾಗೆಯೇ ತಾನೆ?

ಇದಾದ ಮೇಲೆ ಇತಿಹಾಸದ ಮೇಡಮ್ಮಿಗೆ ಸುಮ್ಮನೆ ಕೂರಲಾಗಲಿಲ್ಲ. ಬ್ಯಾಂಕ್ ಆಫ್ ಇಂಗ್ಲೆಂಡಿನ ವಸ್ತುಸಂಗ್ರಹಾಲಯ ನೋಡಿದೆ, ಮಗಳ ಬಡಾವಣೆಯ ಲೈಬ್ರರಿಯಲ್ಲಿ ಪುಸ್ತಕ ತೆಗೆಸಿಕೊಂಡು ಓದಿದೆ. ನಾನು ಯಾವ ಪಾಠದಲ್ಲೂ ಹೇಳಿರದ ಕಥೆಯೊಂದು ಅಲ್ಲಿ ಸಿಕ್ಕಿತು. ಅದು ಹೆಂಗಸರ ಕಥೆ.

ಬ್ಯಾಂಕ್ ಆಫ್ ಇಂಗ್ಲೆಂಡ್ ಹುಟ್ಟಿದ್ದು 1694ರಲ್ಲಿ. ಮೊದಲ ನೂರು ವರ್ಷ ಅದರ ನೋಟು ಬಡವರ ಕೈಗೆ ಬರುತ್ತಲೇ ಇರಲಿಲ್ಲ. ಅವರದ್ದೆಲ್ಲ ನಾಣ್ಯದ ವ್ಯವಹಾರ. 1797ರಲ್ಲಿ ಫ್ರಾನ್ಸಿನೊಂದಿಗಿನ ಯುದ್ಧದ ಭಯಕ್ಕೆ ಜನ ಬ್ಯಾಂಕಿಗೆ ಮುಗಿಬಿದ್ದು ಚಿನ್ನ ಕೇಳತೊಡಗಿದಾಗ, ನೋಟಿಗೆ ಚಿನ್ನ ಕೊಡುವುದನ್ನು ಸರ್ಕಾರ ನಿಲ್ಲಿಸಿತು. ಚಿನ್ನದ ನಾಣ್ಯದ ಕೊರತೆ ತುಂಬಲು ಒಂದು ಮತ್ತು ಎರಡು ಪೌಂಡಿನ ನೋಟುಗಳು ಬಂದವು. ಒಂದೇ ಮಗ್ಗುಲಿಗೆ ಕಪ್ಪು ಶಾಯಿಯಲ್ಲಿ ಅಚ್ಚಾದ ಸರಳ ಕಾಗದ. ಕೈಚಳಕವಿದ್ದ ಯಾವ ಕೆತ್ತನೆಗಾರನೂ ಅದನ್ನು ನಕಲು ಮಾಡಬಹುದಿತ್ತು. ಓದಲು ಬಾರದ ಲಕ್ಷಾಂತರ ಜನರ ಕೈಗೆ ಮೊದಲ ಸಲ ನೋಟು ಬಂತು, ಅದರ ಬೆನ್ನಿಗೇ ಖೋಟಾ ನೋಟೂ ಬಂತು.

ನಕಲು ಮಾಡುವವನು ಎಲ್ಲಿಯೋ ಒಳಮನೆಯಲ್ಲಿ ಕುಳಿತಿರುತ್ತಿದ್ದ. ಅದನ್ನು ಬೀದಿಯಲ್ಲಿ ಚಲಾಯಿಸಲು ಒಬ್ಬರು ಬೇಕಲ್ಲ? ದಿನಾ ಅಂಗಡಿಗೆ ಹೋಗಿ ರೊಟ್ಟಿ, ಚಹಾಪುಡಿ, ಒಂದು ಗಜ ರಿಬ್ಬನ್ನು ಕೊಂಡು ಚಿಲ್ಲರೆ ಪಡೆಯುವವರು ಯಾರು? ಹೆಂಗಸರು. ಸಿಕ್ಕಿಬೀಳುತ್ತಿದ್ದವರಲ್ಲೂ ಅವರು ಬಹಳ. ತಿಳಿದೂ ಖೋಟಾ ನೋಟು ಚಲಾಯಿಸಿದ್ದು ರುಜುವಾತಾದರೆ ಗಲ್ಲು. 1801ರ ಕಾನೂನಿನ ಪ್ರಕಾರ ತಿಳಿದೂ ಇಟ್ಟುಕೊಂಡದ್ದಕ್ಕೆ ಹದಿನಾಲ್ಕು ವರ್ಷ ಗಡೀಪಾರು, ಹಡಗು ಹತ್ತಿಸಿ ಆಸ್ಟ್ರೇಲಿಯಾಕ್ಕೆ. 1797ರಿಂದ 1821ರವರೆಗೆ ಈ ಅಪರಾಧಕ್ಕಾಗಿ ನೇಣಿಗೇರಿದವರು 300ಕ್ಕೂ ಹೆಚ್ಚು.

ಅವರಲ್ಲಿ ಒಬ್ಬಳು ಹ್ಯಾರಿಯಟ್ ಸ್ಕೆಲ್ಟನ್. ಗಂಡನ ಮಾತಿಗೆ ಕಟ್ಟುಬಿದ್ದು ನೋಟು ಚಲಾಯಿಸಿದವಳು ಎಂದು ಅವಳನ್ನು ಬಲ್ಲವರು ಹೇಳಿದರು. ನ್ಯೂಗೇಟ್ ಸೆರೆಮನೆಯ ಹೆಣ್ಣುಕೈದಿಗಳಿಗೆ ಬಟ್ಟೆ, ಹೊಲಿಗೆ, ಓದು ಒದಗಿಸುತ್ತಿದ್ದ ಎಲಿಜಬೆತ್ ಫ್ರೈ ಎಂಬ ಮಹಾತಾಯಿ ಅವಳಿಗಾಗಿ ಓಡಾಡಿದರು. ರಾಜಮನೆತನದ ಗ್ಲೌಸ್ಟರ್ ಡ್ಯೂಕನ ಕೈಯಲ್ಲಿ ಹೇಳಿಸಿದರು, ಗೃಹಮಂತ್ರಿ ಲಾರ್ಡ್ ಸಿಡ್ಮತ್‌ನ ಎದುರು ಬೇಡಿದರು. ಆತ ಕರಗಲಿಲ್ಲ. 1818ರ ಏಪ್ರಿಲ್‌ನಲ್ಲಿ ಅವಳನ್ನು ಗಲ್ಲಿಗೇರಿಸಿದರು.

ಜಾರ್ಜ್ ಕ್ರೂಕ್‌ಶ್ಯಾಂಕ್ ಎಂಬ ವ್ಯಂಗ್ಯಚಿತ್ರಕಾರ ಒಂದು ದಿನ ನ್ಯೂಗೇಟಿನ ಮುಂದೆ ಹಾದುಹೋಗುವಾಗ, ಒಂದು ಪೌಂಡಿನ ಖೋಟಾ ನೋಟಿಗಾಗಿ ಹೆಂಗಸರು ನೇತಾಡುವುದನ್ನು ಕಂಡನಂತೆ. ಮನೆಗೆ ಬಂದು ಒಂದು ಅಣಕು ನೋಟು ಬರೆದ. ಅದರಲ್ಲಿ ಸಾಲಾಗಿ ನೇತಾಡುವ ಗಂಡಸರು, ಹೆಂಗಸರು. ಪೌಂಡಿನ ಗುರುತೇ ನೇಣಿನ ಹಗ್ಗದ ಸುರುಳಿ. 1819ರಲ್ಲಿ ಅದು ಮಾರಾಟಕ್ಕೆ ಬಂದಾಗ ಜನ ಅಂಗಡಿಯ ಮುಂದೆ ಕಿಕ್ಕಿರಿದರು. 1821ರಲ್ಲಿ ಚಿನ್ನದ ವ್ಯವಹಾರ ಮತ್ತೆ ಶುರುವಾಗಿ ಸಣ್ಣ ನೋಟುಗಳು ನಿಂತವು. 1830ರ ದಶಕದಲ್ಲಿ ಈ ಅಪರಾಧಕ್ಕೆ ಮರಣದಂಡನೆಯೂ ಹೋಯಿತು.

ಒಂದು ಸಂಜೆ ಬ್ಯಾಂಕ್ ಆಫ್ ಇಂಗ್ಲೆಂಡಿನ ಕಲ್ಲಿನ ಗೋಡೆಯ ಪಕ್ಕದಿಂದ ಓಲ್ಡ್ ಬೇಲಿ ಬೀದಿಯವರೆಗೆ ನಡೆದುಹೋದೆ. ನ್ಯೂಗೇಟ್ ಈಗಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದನ್ನು ಕೆಡವಿ ನ್ಯಾಯಾಲಯ ಕಟ್ಟಿದ್ದಾರೆ. ನಿಧಾನಕ್ಕೆ ನಡೆದರೂ ಅರ್ಧ ಗಂಟೆಯ ದಾರಿಯಲ್ಲ. ನೋಟು ಹುಟ್ಟುತ್ತಿದ್ದ ಜಾಗಕ್ಕೂ ಅದಕ್ಕಾಗಿ ಪ್ರಾಣ ಹೋಗುತ್ತಿದ್ದ ಜಾಗಕ್ಕೂ ಇದ್ದ ಅಂತರ ಅಷ್ಟೇ. ನಾನೂ ಒಂದು ವಾರದ ಹಿಂದೆ ಅಂಗಡಿಯ ಕಟ್ಟೆಯ ಮೇಲೆ ಖೋಟಾ ನೋಟಿಟ್ಟು ಶಾಲು ಕೇಳಿದವಳು! ನನಗೆ ಗೊತ್ತಿರಲಿಲ್ಲ, ನಿಜ. ಆದರೆ ನನಗೆ ಗೊತ್ತಿರಲಿಲ್ಲ ಎಂದು ಆ ಹೆಂಗಸರಲ್ಲಿ ಎಷ್ಟು ಮಂದಿ ಅತ್ತಿರಲಿಲ್ಲ? ಅಕ್ಷರ ಬಾರದವಳು ತನಗೆ ಗೊತ್ತಿರಲಿಲ್ಲ ಎಂಬುದನ್ನು ರುಜುವಾತು ಮಾಡುವುದು ಹೇಗೆ?

ಕಾಲ ಎಂಥ ಲೆಕ್ಕ ತೀರಿಸುತ್ತದೆ ನೋಡಿ. 2002ರಲ್ಲಿ ಅದೇ ಬ್ಯಾಂಕು ತನ್ನ ಐದು ಪೌಂಡಿನ ನೋಟಿನ ಮೇಲೆ ಎಲಿಜಬೆತ್ ಫ್ರೈ ಅವರ ಚಿತ್ರ ಹಾಕಿತು. ಜೊತೆಗೆ ನ್ಯೂಗೇಟಿನ ಕೈದಿಗಳಿಗೆ ಅವರು ಓದಿ ಹೇಳುತ್ತಿರುವ ದೃಶ್ಯ. 2017ರವರೆಗೆ ಆ ನೋಟು ನಡೆಯಿತು.

ಖೋಟಾ ನೋಟಿನ ಚರಿತ್ರೆಯಲ್ಲಿ ಇನ್ನೂ ಘೋರವಾದ ಅಧ್ಯಾಯವೂ ಇದೆ. ಎರಡನೆಯ ಮಹಾಯುದ್ಧದಲ್ಲಿ ನಾಜಿಗಳು ಬರ್ಲಿನ್ ಬಳಿಯ ಸಾಕ್ಸೆನ್‌ಹೌಸೆನ್ ಸೆರೆಶಿಬಿರದಲ್ಲಿ ಸುಮಾರು 140 ಯೆಹೂದಿ ಕೈದಿಗಳಿಂದ ಇಂಗ್ಲೆಂಡಿನ ನೋಟುಗಳನ್ನು ನಕಲು ಮಾಡಿಸಿದರು. ಕೆಲಸ ಕೆಟ್ಟರೆ ಸಾವು, ಮುಗಿದರೂ ಸಾವು ಎಂಬ ಸ್ಥಿತಿ. ಹೊಸ ನೋಟು ಹಳೆಯದಾಗಿ ಕಾಣಲೆಂದು ಅವರು ಎದುರುಬದುರು ಸಾಲಾಗಿ ನಿಂತು, ಕೊಳೆಯಾದ ಕೈಯಿಂದ ಕೈಗೆ ನೋಟು ದಾಟಿಸಿ, ಮಡಿಸಿ, ಗುಂಡುಸೂಜಿ ಚುಚ್ಚಿ ಸವೆಸುತ್ತಿದ್ದರಂತೆ. ಯುದ್ಧದ ಕೊನೆಗೆ ಪೆಟ್ಟಿಗೆಗಟ್ಟಲೆ ನೋಟುಗಳನ್ನು ಆಸ್ಟ್ರಿಯಾದ ಟೋಪ್ಲಿಟ್ಸ್ ಸರೋವರದಲ್ಲಿ ಮುಳುಗಿಸಿದರು. 1959ರಲ್ಲಿ ಮುಳುಗುಗಾರರು ಅವನ್ನು ಮೇಲೆತ್ತಿದರು. ಆ ಕೈದಿಗಳಲ್ಲಿ ಹೆಚ್ಚಿನವರು 1945ರ ಮೇ ತಿಂಗಳಲ್ಲಿ ಬಿಡುಗಡೆ ಕಂಡರು ಎಂಬುದೊಂದೇ ಸಮಾಧಾನ.

ಇನ್ನು ಮಕ್ಕಳನ್ನು ನೋಡಲು ವಿದೇಶಕ್ಕೆ ಹೊರಡುವ ನನ್ನಂಥ ತಾಯಂದಿರಿಗೆ ಎರಡು ಮಾತು. ಸೀರೆ ಕೊಳ್ಳುವಾಗ ನಾವು ಏನು ಮಾಡುತ್ತೇವೆ? ಸೆರಗನ್ನು ಬೆರಳಲ್ಲಿ ಉಜ್ಜುತ್ತೇವೆ, ಬೆಳಕಿಗೆ ಹಿಡಿಯುತ್ತೇವೆ, ಓರೆ ಮಾಡಿ ಜರಿಯ ಹೊಳಪು ನೋಡುತ್ತೇವೆ. ನೋಟಿನ ಪರೀಕ್ಷೆಯೂ ಇಷ್ಟೇ: ಮುಟ್ಟಿ ನೋಡಿ, ಬೆಳಕಿಗೆ ಹಿಡಿದು ನೋಡಿ, ಓರೆ ಮಾಡಿ ನೋಡಿ. ನಮ್ಮ ಐನೂರರ ನೋಟನ್ನು ಓರೆ ಮಾಡಿದರೆ ಎಳೆಯ ಹಸಿರು ನೀಲಿಯಾಗುತ್ತದಲ್ಲ, ಹಾಗೆ. ಈಗಿನ ಪೌಂಡು ನೋಟು ಪ್ಲಾಸ್ಟಿಕ್ಕಿನದು. ಅದರಲ್ಲಿ ಆರಪಾರ ಕಾಣುವ ಕಿಟಕಿಯಿದೆ. ಮಿಂಚುವ ಚಿತ್ರವನ್ನು ಓರೆ ಮಾಡಿದರೆ ಹತ್ತರ ನೋಟಿನಲ್ಲಿ ಒಮ್ಮೆ "ಟೆನ್" ಎಂದೂ ಒಮ್ಮೆ "ಪೌಂಡ್ಸ್" ಎಂದೂ ಕಾಣುತ್ತದೆ. ಆ ಹತ್ತರ ನೋಟಿನ ಮೇಲಿರುವವರು ಕಾದಂಬರಿಗಾರ್ತಿ ಜೇನ್ ಆಸ್ಟಿನ್. ಅಮೆರಿಕದ ನೂರು ಡಾಲರಿನ ನೋಟಿನಲ್ಲಿ 2013ರಿಂದ ಕಾಗದದೊಳಗೆ ನೇಯ್ದ ನೀಲಿ ಪಟ್ಟಿಯಿದೆ. ಓರೆ ಮಾಡಿದರೆ ಅದರೊಳಗಿನ ಗಂಟೆಗಳು ನೂರರ ಅಂಕಿಯಾಗಿ ಮಾರ್ಪಡುತ್ತವೆ. ಹಳೆಯ ಡಾಲರುಗಳೂ ಅಲ್ಲಿ ಚಲಾವಣೆಯಲ್ಲಿವೆ, ಪೌಂಡು ಹಾಗಲ್ಲ. ಸ್ಕಾಟ್ಲೆಂಡಿನ ಬ್ಯಾಂಕುಗಳು ತಮ್ಮದೇ ಚಿತ್ರದ ಪೌಂಡು ನೋಟು ಅಚ್ಚು ಹಾಕುತ್ತವೆ. ಅದನ್ನು ಕಂಡು ಖೋಟಾ ಎಂದು ಗಾಬರಿಯಾಗಬೇಡಿ. ಹಣವನ್ನು ಅಧಿಕೃತ ಅಂಗಡಿಯಲ್ಲೇ ಬದಲಾಯಿಸಿ, ರಸೀದಿ ಪಡೆಯಿರಿ, ಅವರೆದುರೇ ಒಂದೊಂದಾಗಿ ನೋಡಿ ಎಣಿಸಿಕೊಳ್ಳಿ. ಅನುಮಾನ ಬಂದರೆ ಅದೇ ಬೆಲೆಯ ಇನ್ನೊಂದು ನೋಟನ್ನು ಪಕ್ಕದಲ್ಲಿಟ್ಟು ನೋಡಿ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಊರಿಗೆ ಬಂದು ದೊಡ್ಡಮ್ಮನಿಗೆ ಶಾಲು ಕೊಟ್ಟೆ. ಹೊದ್ದುಕೊಂಡು, ಕೆನ್ನೆಗೆ ಒತ್ತಿಕೊಂಡು, "ಅವರೇ ತಂದುಕೊಟ್ಟ ಹಾಗಾಯಿತು ಕಣಮ್ಮ" ಎಂದರು. ಅಲ್ಲಿಗೆ ಸುಮ್ಮನಿದ್ದುಬಿಡಬಹುದಿತ್ತು. ಎಷ್ಟೋ ಜನ ಹಾಗೇ ಮಾಡು ಎಂದಿದ್ದರು. ಆದರೆ ಆ ಮೌನವೂ ಒಂದು ಖೋಟಾ ನೋಟೇ ಅಲ್ಲವೇ ಎನಿಸಿತು. ಮೆಲ್ಲಗೆ ಎಲ್ಲವನ್ನೂ ಹೇಳಿದೆ.

ದೊಡ್ಡಮ್ಮ ಬಹಳ ಹೊತ್ತು ಶಾಲಿನ ಅಂಚನ್ನು ಸವರುತ್ತ ಕೂತರು. ದುಡ್ಡಿನ ಮಾತೆತ್ತಲೇ ಇಲ್ಲ. ಕೊನೆಗೆ, "ಹೋಗಲಿ ಬಿಡು, ಅವರಿಗೂ ಗೊತ್ತಿರಲಿಲ್ಲ ಪಾಪ. ಆ ನೋಟು ಎಲ್ಲಿ? ಕೊಡು, ಪೆಟ್ಟಿಗೆಯಲ್ಲೇ ಇಟ್ಟಿರುತ್ತೇನೆ" ಎಂದು ಕೈ ಚಾಚಿದರು.

ನನ್ನ ಹತ್ತಿರ ಕೊಡಲು ಏನೂ ಇರಲಿಲ್ಲ. ಕಾನೂನಿನಂತೆ ನಡೆದುಕೊಂಡಿದ್ದೆ, ಅದರಲ್ಲಿ ತಪ್ಪಿಲ್ಲ. ಆದರೂ ಅದನ್ನು ಒಪ್ಪಿಸಿ ಬರುವ ಮುಂಚೆ ಅವರಿಗೊಂದು ಫೋನು ಮಾಡಿ ಹೇಳಬೇಕೆಂದು ನನಗೆ ಹೊಳೆದಿರಲಿಲ್ಲ. ಚಾಚಿದ ಆ ಕೈಯನ್ನು ನನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು ಸುಮ್ಮನೆ ಕೂತೆ.