ಕ್ಲೋಸ್ ಪೇಟೆ: ಒಂದು ಶಬ್ದದ ಚರಿತ್ರೆ



ಮೈಸೂರು ಸಂಸ್ಥಾನದ ಹಳೆಯ ಭೂಪಟವೊಂದನ್ನು ಒಮ್ಮೆ ತರಗತಿಯಲ್ಲಿ ಹರಡಿದ್ದೆನು. ವಿದ್ಯಾರ್ಥಿಯೊಬ್ಬನು ಬೆಂಗಳೂರು–ಮೈಸೂರು ಹೆದ್ದಾರಿಯ ನಡುವೆ ‘ಕ್ಲೋಸ್ ಪೇಟೆ’ ಎಂಬ ಹೆಸರನ್ನು ಓದಿ, “ಸರ್, ಈ ಪೇಟೆಯನ್ನು ಮುಚ್ಚಿಸಿದವರು ಯಾರು?” ಎಂದು ಕೇಳಿದನು. ತರಗತಿಯೆಲ್ಲ ನಕ್ಕಿತು. ಆದರೆ ಆ ಪ್ರಶ್ನೆ ನಕ್ಕು ಬಿಡತಕ್ಕದ್ದಲ್ಲ.

ಇಂಗ್ಲಿಷಿನ ‘ಕ್ಲೋಸ್’ ಎಂಬ ಮಾತಿಗೆ ಮೂಲವು ‘ಮುಚ್ಚು’ ಎಂಬರ್ಥದ ಲ್ಯಾಟಿನ್ ಧಾತು. ಅದು ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದಿತು. ಮುಚ್ಚಿದ ಎಡೆಯಲ್ಲಿ ಸಂದಿಯಿಲ್ಲ. ಸಂದಿಯಿಲ್ಲದ ವಸ್ತುಗಳು ಒತ್ತಾಗಿರುತ್ತವೆ. ಹೀಗೆ ‘ಹತ್ತಿರದ’, ‘ಆಪ್ತವಾದ’ ಎಂಬ ಅರ್ಥಗಳೂ ಅದೇ ಮಾತಿನಿಂದ ಹುಟ್ಟಿದುವು. ಬೇಲಿ ಗೋಡೆಗಳು ಸುತ್ತಿದ ಆವರಣಕ್ಕೂ ಅದೇ ಹೆಸರು. ಅಂಥ ಆವರಣದ ಬಳಿ ವಾಸಿಸಿದವರಿಗೆ ಅದು ಮನೆತನದ ಹೆಸರೂ ಆಯಿತು.

ನಮ್ಮ ಪೇಟೆಗೆ ಬಂದುದು ಈ ಮನೆತನದ ಹೆಸರು. 1799ರಲ್ಲಿ ಟಿಪ್ಪು ಸುಲ್ತಾನನು ಮಡಿದ ಮೇಲೆ, ಬ್ಯಾರಿ ಕ್ಲೋಸ್ ಎಂಬ ಸೇನಾಧಿಕಾರಿ ಮೈಸೂರಿನಲ್ಲಿ ಕಂಪನಿಯ ರೆಸಿಡೆಂಟನಾದನು. ಮುಮ್ಮಡಿ ಕೃಷ್ಣರಾಜ ಒಡೆಯರು ಆಗ ಐದು ವರ್ಷದ ಬಾಲಕರು. ರಾಜ್ಯಭಾರವು ದಿವಾನ್ ಪೂರ್ಣಯ್ಯನವರದು. ದಟ್ಟವಾದ ಕಾಡಿನ ನಡುವೆ ಹಾದುಹೋಗುತ್ತಿದ್ದ ಹೆದ್ದಾರಿಯು ಪ್ರಯಾಣಿಕರಿಗೆ ನಿರ್ಭಯವಾಗಲೆಂದು ಅವರು 1800ರಲ್ಲಿ ಇಲ್ಲಿ ಊರು ಕಟ್ಟಿಸಿ, ಅದಕ್ಕೆ ರೆಸಿಡೆಂಟನ ಹೆಸರನ್ನಿಟ್ಟರು. ದಾರಿಯನ್ನು ತೆರೆದಿಡುವುದಕ್ಕಾಗಿ ಹುಟ್ಟಿದ ಊರಿಗೆ ‘ಮುಚ್ಚು’ ಎಂಬರ್ಥದ ಹೆಸರು ಬಂದದ್ದು ಹೀಗೆ. ಕ್ಲೋಸ್ 1801ರಲ್ಲಿ ಪುಣೆಗೆ ಹೊರಟುಹೋದನು. ಹೆಸರು ಮಾತ್ರ ಸುಮಾರು ನೂರೈವತ್ತು ವರ್ಷ ನಿಂತಿತು.

1949ರಲ್ಲಿ ಊರು ರಾಮನಗರವಾಯಿತು, ಮಗ್ಗುಲಲ್ಲಿಯೇ ರಾಮಗಿರಿಯಿದೆ. ನೆರೆಯ ಕಾನಕಾನಹಳ್ಳಿಯೂ ಹೆಸರು ಬದಲಿಸಿ ಕನಕಪುರವಾಗಿದೆ. 2007ರಲ್ಲಿ ಚನ್ನಪಟ್ಟಣ, ಕನಕಪುರ, ಮಾಗಡಿಗಳನ್ನು ಕೂಡಿಸಿಕೊಂಡು ರಾಮನಗರವು ಜಿಲ್ಲೆಯಾಯಿತು. 2025ರಲ್ಲಿ ಆ ಜಿಲ್ಲೆಯ ಹೆಸರೂ ಬೆಂಗಳೂರು ದಕ್ಷಿಣವೆಂದು ಮಾರ್ಪಟ್ಟಿತು.

ಇಷ್ಟು ಬದಲಾವಣೆಗಳಾದರೂ ಹಳೆಯ ಹೆಸರು ಒಂದೆಡೆ ಉಳಿದಿದೆ. ರಾಮಗಿರಿಯ ಬಂಡೆಯನ್ನೂ ಮಾಗಡಿಯ ಸಾವನದುರ್ಗವನ್ನೂ ಭೂವಿಜ್ಞಾನಿಗಳು ಇಂದಿಗೂ ‘ಕ್ಲೋಸ್ ಪೇಟೆ ಗ್ರಾನೈಟ್’ ಎಂದೇ ಕರೆಯುತ್ತಾರೆ. ಆ ಶಿಲೆಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಅದಕ್ಕೆ ಹೆಸರು ಕೊಟ್ಟ ಅಧಿಕಾರಿ ಮೈಸೂರಿನಲ್ಲಿದ್ದುದು ಎರಡೇ ವರ್ಷ.

ವಿದ್ಯಾರ್ಥಿಗೆ ನಾನು ಕೊಟ್ಟ ಉತ್ತರವಿಷ್ಟೆ: ಆ ಪೇಟೆಯನ್ನು ಯಾರೂ ಮುಚ್ಚಿಸಲಿಲ್ಲ, ಕಟ್ಟಿಸಿದವರು ಪೂರ್ಣಯ್ಯನವರು. ಅವರ ಹೆಸರು ಮಾತ್ರ ಆ ಊರಿಗೂ ಬರಲಿಲ್ಲ, ಆ ಬಂಡೆಗೂ ಬರಲಿಲ್ಲ.